ಡಾ. ಲೆಸ್ಲಿ ಕೋಲ್ಮನ್

ಶ್ರೀರಂಗಪಟ್ಟಣ, ಪಾಂಡವಪುರಗಳ ಸೀಮೆಯಲ್ಲಿ ಸಂಚರಿಸುವವರಿಗೆ ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆದ ಕಬ್ಬಿನ ಗದ್ದೆಗಳು ಎದುರಾಗುತ್ತವೆ. ಒಂದು ಶತಮಾನದ ಹಿಂದೆ, ಹಳೆಯ ಕಾಲುವೆಗಳ ಆಸರೆಯಿದ್ದ ಎಡೆಗಳನ್ನು ಬಿಟ್ಟರೆ, ಇಲ್ಲಿಯ ನೆಲವೂ ನಾಗಮಂಗಲ, ಕೃಷ್ಣರಾಜಪೇಟೆಗಳ ಹೊಲಗಳಂತೆ ಮುಗಿಲನ್ನೇ ನಂಬಿದ ರಾಗಿಯ ಭೂಮಿಯಾಗಿತ್ತು. ಈ ಮಾರ್ಪಾಡಿಗಾಗಿ ದುಡಿದವರಲ್ಲಿ ದೂರದ ಕೆನಡಾ ದೇಶದ ವಿಜ್ಞಾನಿಯೊಬ್ಬರೂ ಇದ್ದರು.

ಲೆಸ್ಲಿ ಕೋಲ್ಮನ್ ೧೮೭೮ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದ ಪದವಿ ಕೈಸೇರಿದ ಮೇಲೆ, ಅಷ್ಟಕ್ಕೇ ತೃಪ್ತರಾಗದೆ, ಕಡಲು ದಾಟಿ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದರು. ಪರಿಚಯವಿಲ್ಲದ ನಾಡು, ಓದು ಬರಹವೆಲ್ಲ ಪರಭಾಷೆಯಲ್ಲಿ. ಮಣ್ಣಿನಲ್ಲಿ ಅಡಗಿರುವ ಸೂಕ್ಷ್ಮಜೀವಿಗಳು ಸಾರಜನಕವನ್ನು ಬೆಳೆಗೆ ಒದಗುವಂತೆ ಮಾರ್ಪಡಿಸುವ ಬಗೆಯನ್ನು ಅಲ್ಲಿ ಅಭ್ಯಸಿಸಿ ಡಾಕ್ಟರೇಟ್ ಪಡೆದರು.

೧೯೦೮ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಮಲೆನಾಡಿನ ಅಡಕೆ ತೋಟಗಳನ್ನು ಕೊಳೆರೋಗವು ಪೀಡಿಸುತ್ತಿತ್ತು. ಮಳೆಗಾಲದಲ್ಲಿ ಎಳೆಗಾಯಿಗಳು ಕೊಳೆತುದುರಿ, ವರ್ಷದ ಗಳಿಕೆಯೆಲ್ಲ ಮಣ್ಣುಪಾಲಾಗುತ್ತಿತ್ತು. ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳಲು ಹೆಣಗುತ್ತಿದ್ದರು. ರೋಗಕ್ಕೆ ಒಂದು ಬಗೆಯ ಶಿಲೀಂಧ್ರವೇ ಕಾರಣವೆಂದು ಕೋಲ್ಮನ್ನರು ಕಂಡುಕೊಂಡರು. ಮೈಲುತುತ್ತ, ಸುಣ್ಣಗಳನ್ನು ಬೆರೆಸಿದ ಬೋರ್ಡೊ ದ್ರಾವಣವು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಮದ್ದು. ಆದರೆ ಮಲೆನಾಡಿನ ಮಳೆ ಫ್ರಾನ್ಸಿನ ಮಳೆಯಲ್ಲ! ಹೊರನಾಡಿನ ವಿದ್ಯೆಯನ್ನು ಇದ್ದಂತೆಯೇ ತಂದಿದ್ದರೆ ಅದು ತೊಳೆದುಹೋಗುತ್ತಿತ್ತು. ದ್ರಾವಣವು ಕಾಯಿಗೆ ಅಂಟಿ ನಿಲ್ಲುವಂತೆ ಅವರು ಅದಕ್ಕೆ ರಾಳ, ಸೋಡಾಗಳನ್ನು ಕೂಡಿಸಿದರು. ಮಳೆ ಹಿಡಿಯುವ ಮುನ್ನ ಅದನ್ನು ಸಿಂಪಡಿಸುವ ರೂಢಿ ತೋಟದಿಂದ ತೋಟಕ್ಕೆ ಹಬ್ಬಿತು.

ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ೧೯೧೩ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅವರ ಇಲಾಖೆಯ ಕೀಟಶಾಸ್ತ್ರಜ್ಞ ಕುಞ್ಞಿ ಕಣ್ಣನ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಬಂದು, ಮೈಸೂರಿನ ಬೆಳೆಗಳ ಪೀಡೆಗಳನ್ನು ಕುರಿತು ಸಂಶೋಧನೆ ನಡೆಸಿದರು.

ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದಾಗ ಹೊಸ ಪ್ರಶ್ನೆಯೊಂದು ತಲೆದೋರಿತು. ನೀರು ಬಂದ ಮಾತ್ರಕ್ಕೆ ರೈತನ ಬಡತನ ಹಿಂಗುವುದೆ? ಕಬ್ಬು ಬೆಳೆಯಬಹುದು, ಆದರೆ ಕೊಳ್ಳುವವರು ಯಾರು? ಕಟಾವಾದ ಕಬ್ಬು ಬೇಗನೆ ಗಾಣ ಸೇರದಿದ್ದರೆ ಸಿಹಿಯೇ ಕುಂದುವುದು. ಬೆಳೆಯ ಬಳಿಯಲ್ಲೇ ಕಾರ್ಖಾನೆ ಬೇಕೆಂದು ಕೋಲ್ಮನ್ನರು ಶ್ರಮಿಸಿದರು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು.

ಮರುವರ್ಷ ಅವರು ನಿವೃತ್ತರಾಗಿ ಕೆನಡಾಕ್ಕೆ ಮರಳಿದರು, ೧೯೫೪ರಲ್ಲಿ ನಿಧನರಾದರು. ಅವರ ಕಾಲದಲ್ಲಿ ನಾಲೆಯ ಬಯಲಿನಲ್ಲಿ ತೊಡಗಿದ ಪ್ರಯೋಗಕ್ಷೇತ್ರವೇ ಮಂಡ್ಯದ ವಿ.ಸಿ. ಫಾರಂ. ಸುತ್ತಲ ತಾಲ್ಲೂಕುಗಳ ರೈತರ ಮಕ್ಕಳು ಇಂದು ಅಲ್ಲಿ ಕೃಷಿವಿಜ್ಞಾನವನ್ನು ಓದುತ್ತಿದ್ದಾರೆ.