ಐವತ್ತು ಗುಂಟೆ ಹೊಲದಲ್ಲಿ ಒಂದೇ ಜೋಳದ ಕಾಳು

ಬಿಇ ಮೊದಲ ವರ್ಷದಲ್ಲಿ ಫಿಸಿಕ್ಸ್ ಬ್ಯಾಕ್ ಉಳಿಯಿತು. ಮೂಡಲಗಿಯ ಮನೆಗೆ ಬಂದವನು ಓದು ಬಿಡುವ ಯೋಚನೆಯಲ್ಲಿದ್ದೆ. ಮತ್ತೆ ಪುಸ್ತಕ ಹಿಡಿಸಿದ್ದು ಅರ್ನೆಸ್ಟ್ ರುದರ್‌ಫರ್ಡ್ ಅವರ ಬದುಕು. ಪಿಯುಸಿಯಿಂದಲೂ ಹೆಸರು ಗೊತ್ತಿತ್ತು, ಮನುಷ್ಯ ಗೊತ್ತಿರಲಿಲ್ಲ.

ರುದರ್‌ಫರ್ಡ್ ಹುಟ್ಟಿದ್ದು 1871ರಲ್ಲಿ, ನ್ಯೂಜಿಲೆಂಡಿನ ನೆಲ್ಸನ್ ಊರಿನ ಹತ್ತಿರ. 12 ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಬಂಡಿಯ ಗಾಲಿ ಮಾಡುತ್ತಿದ್ದರು, ತಾಯಿ ಶಿಕ್ಷಕಿಯಾಗಿದ್ದವರು. ನೆಲ್ಸನ್ ಕಾಲೇಜಿಗೆ ಹೋಗಲು ವಿದ್ಯಾರ್ಥಿವೇತನ ಸಿಕ್ಕಿದ್ದು ಎರಡನೇ ಪ್ರಯತ್ನದಲ್ಲಿ. ಪದವಿ ಪಡೆದ ಮೇಲೆ ಮೂರು ಸಲ ಪ್ರಯತ್ನಿಸಿದರೂ ಶಾಲಾ ಮಾಸ್ತರಿಕೆಯ ಕಾಯಂ ನೌಕರಿ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಓದುವ ವಿದ್ಯಾರ್ಥಿವೇತನಕ್ಕೂ ಮೊದಲು ಆಯ್ಕೆಯಾದವರು ಬೇರೊಬ್ಬರು. ಅವರು ಬೇಡವೆಂದಿದ್ದರಿಂದ ಇವರು 1895ರಲ್ಲಿ ಕೇಂಬ್ರಿಜ್ ಸೇರಿದರು. 1908ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ಆದರೆ ಅವರ ಅತಿ ದೊಡ್ಡ ಕೆಲಸ ಇನ್ನೂ ಬಾಕಿಯಿತ್ತು.

1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅವರು ಗೈಗರ್ ಜೊತೆಗೆ ಮಾರ್ಸ್‌ಡನ್ ಎಂಬ ವಿದ್ಯಾರ್ಥಿಗೂ ಒಂದು ಪ್ರಯೋಗ ವಹಿಸಿದರು. ಮಾರ್ಸ್‌ಡನ್‌ಗೆ ಆಗ ನನ್ನದೇ ವಯಸ್ಸು, ಇಪ್ಪತ್ತು. ಲೋಹದ ತೆಳು ಹಾಳೆಗೆ ಆಲ್ಫಾ ಕಣಗಳು ಬಡಿದಾಗ ಯಾವುದಾದರೂ ಹಿಂದಕ್ಕೆ ಬರುತ್ತದೆಯೇ ಎಂದು ನೋಡಬೇಕಿತ್ತು. ಬರಲಾರದು ಎಂಬುದೇ ಎಲ್ಲರ ಅಂದಾಜು. ಆದರೆ ಸುಮಾರು 8000ಕ್ಕೆ ಒಂದು ಕಣ ಪುಟಿದು ಬಂತು. ಆ ಒಂದನ್ನು ಅವರು ಅಲಕ್ಷಿಸಲಿಲ್ಲ. ಲೆಕ್ಕ ಹಾಕಿ 1911ರಲ್ಲಿ ಹೇಳಿದರು: ಪರಮಾಣುವಿನ ತೂಕವೆಲ್ಲ ನಡುವಿನ ಅತಿ ಚಿಕ್ಕ ಬೀಜದಲ್ಲಿದೆ.

ಎಷ್ಟು ಚಿಕ್ಕದು? ನಮ್ಮ ಪುಸ್ತಕದ ಚಿತ್ರದಲ್ಲಿ ಅದು ಗೋಲಿಯಷ್ಟು ಕಾಣುತ್ತದೆ. ಆ ಚಿತ್ರ ನಂಬಿಯೇ ನಾನು ಕೆಟ್ಟೆ. ಚಿನ್ನದ ಪರಮಾಣು ತನ್ನ ಬೀಜಕ್ಕಿಂತ ಸುಮಾರು 20,000 ಪಟ್ಟು ಅಗಲ. ಬೀಜ 4 ಮಿಲಿಮೀಟರಿನ ಜೋಳದ ಕಾಳಾದರೆ ಪರಮಾಣು 80 ಮೀಟರ್ ಅಗಲದ ವೃತ್ತ. ಅಂದರೆ ಸುಮಾರು ಐವತ್ತು ಗುಂಟೆ ಹೊಲ! ಹೊಲದಲ್ಲಿ ಕಾಳು ಹಿಡಿದು ಇದನ್ನು ಅಪ್ಪನಿಗೆ ಹೇಳಿದೆ. ಉಳಿದ ಹೊಲದಲ್ಲಿ ಏನಿದೆ ಎಂದು ಕೇಳಿದರು. ಎಲೆಕ್ಟ್ರಾನ್‌ಗಳು ಮಾತ್ರ, ತೂಕದ 99.9 ಭಾಗಕ್ಕಿಂತ ಹೆಚ್ಚು ಈ ಕಾಳಿನಲ್ಲೇ ಇದೆ ಎಂದೆ. ಅಪ್ಪ ಕಾಳನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಅಪ್ಪನಿಗೆ ತಿಳಿಯುವಂತೆ ಹೇಳಿದ ಆ ದಿನವೇ ನನಗೂ ವಿಷಯ ತಿಳಿಯಿತು.

ರುದರ್‌ಫರ್ಡ್ 1937ರಲ್ಲಿ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಸಮಾಧಿಯ ಹತ್ತಿರ ಅವರ ಚಿತಾಭಸ್ಮವಿದೆ. ಮಾಸ್ತರಿಕೆ ಸಿಗದ ಹುಡುಗ ಅಲ್ಲಿಯವರೆಗೆ ಹೋದ.

ನಾನು ಎರಡನೇ ಸಲಕ್ಕೆ ಫಿಸಿಕ್ಸ್ ಪಾಸಾದೆ. ಈಗ ಕ್ಯಾಂಪಸ್ ಸಂದರ್ಶನಗಳ ಸರದಿ. ಒಂದೆರಡು ಕಡೆ ಬೇಡವೆನ್ನಬಹುದು. ಅಷ್ಟಕ್ಕೇ ಊರಿಗೆ ಬಂದು ಪುಸ್ತಕ ಮುಚ್ಚುವವನು ನಾನಲ್ಲ.