ಜಿನಾಲಯೋದ್ಧಾರಕ ಹುಳ್ಳರಾಜ

ಕನ್ನಡ ನಾಡಿನಲ್ಲಿ ಜಿನಧರ್ಮವನ್ನು ಪೋಷಿಸಿದ ಮಹಾಪುರುಷರಲ್ಲಿ ಚಾವುಂಡರಾಯ ಮತ್ತು ಗಂಗರಾಜರ ತರುವಾಯ ಭಕ್ತಿಯಿಂದ ಸ್ಮರಿಸಲ್ಪಡುವ ಹೆಸರು ಹುಳ್ಳರಾಜನದು. ಈ ಮೂವರನ್ನು ಒಂದೇ ಸಾಲಿನಲ್ಲಿರಿಸಿ ಕೊಂಡಾಡಿದವರು ಶಾಸನಕವಿಗಳೇ.

ವಾಜಿವಂಶದ ಜಕ್ಕಿರಾಜ ಮತ್ತು ಲೋಕಾಂಬಿಕೆಯರ ಸುಪುತ್ರನಾದ ಹುಳ್ಳನು ಹೊಯ್ಸಳ ಅರಸರಾದ ವಿಷ್ಣುವರ್ಧನ, ಒಂದನೆಯ ನರಸಿಂಹ ಮತ್ತು ಇಮ್ಮಡಿ ಬಲ್ಲಾಳ ಈ ಮೂವರ ಸೇವೆಯಲ್ಲಿದ್ದನು. ದಂಡನಾಯಕನೂ ಭಂಡಾರಿಯೂ ಆಗಿ ರಾಜ್ಯದ ಭಾರವನ್ನು ಹೊತ್ತಿದ್ದ ಆತನಿಗೆ ಕುಕ್ಕುಟಾಸನ ಮಲಧಾರಿದೇವರು ಗುರುಗಳು, ಪದ್ಮಾವತಿ ಸಹಧರ್ಮಿಣಿ. ಸಮ್ಯಕ್ತ್ವಚೂಡಾಮಣಿ ಎಂಬುದು ಆತನ ಬಿರುದು.

ಕ್ರಿ.ಶ. 1159ರಲ್ಲಿ ಆತನು ಶ್ರವಣಬೆಳಗೊಳದಲ್ಲಿ ಚತುರ್ವಿಂಶತಿ ತೀರ್ಥಂಕರ ಬಸದಿಯನ್ನು ನಿರ್ಮಿಸಿದನು. ಗರ್ಭಗೃಹದಲ್ಲಿ ಇಪ್ಪತ್ತನಾಲ್ವರು ತೀರ್ಥಂಕರರ ಬಿಂಬಗಳು ಒಂದೇ ಸಾಲಿನಲ್ಲಿ ವಿರಾಜಮಾನವಾಗಿವೆ. ನವರಂಗದ ಬಾಗಿಲ ಮೇಲೆ ಹನ್ನೆರಡು ಕೈಗಳ ಇಂದ್ರನು ನರ್ತಿಸುತ್ತಿದ್ದಾನೆ. ಸುಮಾರು 266 ಅಡಿ ಉದ್ದ, 78 ಅಡಿ ಅಗಲವುಳ್ಳ ಈ ಜಿನಾಲಯವು ಊರೊಳಗಿನ ಬಸದಿಗಳಲ್ಲೆಲ್ಲ ದೊಡ್ಡದು. ನಿರ್ಮಾಪಕನ ಅಧಿಕಾರದ ನೆನಪಾಗಿ ಜನರು ಇದನ್ನು ಭಂಡಾರಿ ಬಸದಿಯೆಂದೇ ಕರೆಯುತ್ತ ಬಂದರು. ದಿಗ್ವಿಜಯಕ್ಕೆ ಹೊರಟ ನರಸಿಂಹನು ಇಲ್ಲಿಗೆ ಬಂದು ವಂದಿಸಿ, ಮಂತ್ರಿಯ ಬಿರುದಿಗೆ ಅನುರೂಪವಾಗಿ ಬಸದಿಗೆ ಭವ್ಯಚೂಡಾಮಣಿ ಎಂಬ ಹೆಸರನ್ನಿತ್ತು, ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಪೂಜೆ, ಮುನಿಗಳ ಆಹಾರದಾನ ಮತ್ತು ಜೀರ್ಣೋದ್ಧಾರಗಳಿಗೆ ಇದು ಆಧಾರವಾಯಿತು.

ಹೊಸದನ್ನು ಕಟ್ಟುವವನಿಗೆ ಕೀರ್ತಿಯು ಸುಲಭವಾಗಿ ಬರುತ್ತದೆ. ಬಿದ್ದುದನ್ನು ಎತ್ತಿ ನಿಲ್ಲಿಸುವವನಿಗೆ ಅಷ್ಟು ಸುಲಭವಲ್ಲ. ಹುಳ್ಳನು ಎರಡನ್ನೂ ಸಮಾನ ಶ್ರದ್ಧೆಯಿಂದ ಮಾಡಿದನು. ಬಂಕಾಪುರದಲ್ಲಿ ಶಿಥಿಲವಾಗಿದ್ದ ಎರಡು ಜಿನಾಲಯಗಳನ್ನು ಮತ್ತೆ ಕಟ್ಟಿಸಿದನು. ಗಂಗರು ಸ್ಥಾಪಿಸಿ, ಕಾಲವಶದಿಂದ ಹಾಳಾಗಿದ್ದ ಕೆಲ್ಲಂಗೆರೆಯ ತೀರ್ಥವನ್ನು ಉದ್ಧರಿಸಿ, ಪಂಚಕಲ್ಯಾಣಗಳನ್ನು ನೆನೆದು ಐದು ಬಸದಿಗಳನ್ನು ನಿರ್ಮಿಸಿದನು. ಕೊಪಣದಲ್ಲಿ ಹೊನ್ನು ಕೊಟ್ಟು ಭೂಮಿಯನ್ನು ಕೊಂಡು, ಇಪ್ಪತ್ತನಾಲ್ಕು ಮುನಿಗಳ ಸಂಘಕ್ಕೆ ಶಾಶ್ವತ ದಾನವನ್ನು ಏರ್ಪಡಿಸಿದನು. 1163ರಲ್ಲಿ ದೇವಕೀರ್ತಿ ಪಂಡಿತದೇವರು ಸ್ವರ್ಗಸ್ಥರಾದಾಗ ಅವರ ನಿಷಿಧಿಯನ್ನು ನಿಲ್ಲಿಸಿದವನೂ ಈತನೇ.

ಆದರೆ ಅರಸರ ಆಶ್ರಯವು ಸ್ಥಿರವಲ್ಲ. ಹೊಯ್ಸಳ ರಾಜ್ಯವು ಅಸ್ತಂಗತವಾದ ಮೇಲೆ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯನು ತೀರ್ಮಾನಿಸಿದನು. ಆ ತೀರ್ಪನ್ನು ಸಾರುವ ಶಾಸನವು ಇದೇ ಭಂಡಾರಿ ಬಸದಿಯಲ್ಲಿದೆ. ಜೈನರು ಮನೆಗೊಂದು ಹಣದಂತೆ ಒಪ್ಪಿಸಬೇಕು; ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು; ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬುದು ಅಲ್ಲಿನ ಕಟ್ಟಳೆ.

ಒಬ್ಬ ಮಂತ್ರಿಯ ಭಂಡಾರದಿಂದ ಎದ್ದ ಬಸದಿಯ ಆವರಣದಲ್ಲೇ, ಹೀಗೆ, ಮನೆಮನೆಯ ಕಾಣಿಕೆಯ ಕಥೆಯೂ ಕಲ್ಲಿನಲ್ಲಿ ಉಳಿದಿದೆ. ಪ್ರತಿಷ್ಠೆಯು ಒಂದು ಶುಭಮುಹೂರ್ತದಲ್ಲಿ ನೆರವೇರುತ್ತದೆ. ರಕ್ಷಣೆಯು ತಲೆಮಾರುಗಳ ವ್ರತ. ಹುಳ್ಳರಾಜನ ಪುಣ್ಯಕಾರ್ಯವನ್ನು ಇಂದಿಗೂ ಉಳಿಸಿರುವುದು ಆ ವ್ರತವೇ.