ಹೆತ್ತವರ ಋಣ, ಹೊತ್ತ ಹೊಣೆ

ಹುಟ್ಟಿದ ಜೀವಿಗೆ ಸಾವು ತಪ್ಪಿದ್ದಲ್ಲ. ಇದನ್ನು ಅರಿಯದವರು ಯಾರೂ ಇಲ್ಲ. ಆದರೂ ತಂದೆಯೋ ತಾಯಿಯೋ ಕಣ್ಣು ಮುಚ್ಚಿದ ದಿನ ಆ ಅರಿವು ಎಲ್ಲಿಗೋ ಹೋಗಿಬಿಡುತ್ತದೆ. ಅರವತ್ತು ವರುಷದ ಮಗನೂ ಅಂದು ತಬ್ಬಲಿಯೇ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಹೆತ್ತವರು ಹೋದಾಗ ದುಃಖಪಡುವುದು ತಪ್ಪಲ್ಲ. ಮನಸ್ಸನ್ನು ಕಲ್ಲು ಮಾಡಿಕೊಳ್ಳುವುದು ವೈರಾಗ್ಯವೂ ಅಲ್ಲ.

ಆದರೆ ಸದ್ಭಕ್ತರೇ, ಮನುಷ್ಯನು ಬರೀ ಮಗನಾಗಿ ಇರುವುದಿಲ್ಲ. ಅವನು ಊರಿನ ಗೌಡನಿರಬಹುದು, ಶಾಲೆಯ ಮಾಸ್ತರನಿರಬಹುದು, ಸಹಕಾರಿ ಸಂಘದ ಅಧ್ಯಕ್ಷನಿರಬಹುದು, ಹತ್ತು ಆಳುಗಳಿಗೆ ಅನ್ನ ಕೊಡುವ ಒಕ್ಕಲಿಗನಿರಬಹುದು. ತಂದೆಗೆ ಮಣ್ಣು ಕೊಟ್ಟು ಬಂದ ಮರುದಿನವೇ ಜನರು ಅಂಗಳದಲ್ಲಿ ನಿಂತಿರುತ್ತಾರೆ. ಹೊಲದ ಹದ ಯಾರಿಗಾಗಿಯೂ ಕಾಯುವುದಿಲ್ಲ. ಎದ್ದು ಕೆಲಸಕ್ಕೆ ಹೊರಟರೆ, ಅಪ್ಪ ಹೋಗಿ ಮೂರು ದಿನವಾಗಿಲ್ಲ, ಆಗಲೇ ಹೊರಟನೆಂದು ಊರು ಆಡಿಕೊಳ್ಳುತ್ತದೆ. ಹೊರಡದಿದ್ದರೆ ನಂಬಿದವರ ಕೆಲಸ ಕೆಡುತ್ತದೆ. ಈ ಇಕ್ಕಟ್ಟಿನಲ್ಲಿ ಸಿಕ್ಕಿದವನು ನಡೆಯಬೇಕಾದ ದಾರಿ ಯಾವುದು? ಇದಕ್ಕೆ ಉತ್ತರವನ್ನು ಛತ್ರಪತಿ ಶಿವಾಜಿ ಮಹಾರಾಜರ ಜೀವನದಲ್ಲಿ ಕಾಣಬಹುದು. ಅವರ ಯುದ್ಧಗಳ ಸರಿತಪ್ಪುಗಳನ್ನು ತೂಗುವುದು ಇತಿಹಾಸ ಬಲ್ಲವರ ಕೆಲಸ. ನಾವು ಇಲ್ಲಿ ನೋಡುವುದು ಮಗನಾಗಿ ಅವರು ಪಟ್ಟ ದುಃಖವನ್ನು, ಅರಸನಾಗಿ ಹೊತ್ತ ಹೊಣೆಯನ್ನು.

ಈ ಪಾಠ ಅವರಿಗೆ ತಾಯಿಯ ಗರ್ಭದಲ್ಲಿಯೇ ಆಯಿತೆನ್ನಬೇಕು. ತಾಯಿ ಜೀಜಾಬಾಯಿಯವರು ಸಿಂದಖೇಡದ ಲಖೂಜಿ ಜಾಧವರ ಮಗಳು. 1629ರಲ್ಲಿ ನಿಜಾಮಶಾಹಿಯ ದರ್ಬಾರಿನಲ್ಲಿ ಲಖೂಜಿಯವರನ್ನೂ ಅವರ ಮಕ್ಕಳನ್ನೂ ಮೋಸದಿಂದ ಕೊಂದರು. ತವರೇ ಬರಿದಾದ ಆ ಹೊತ್ತಿನಲ್ಲಿ ಜೀಜಾಬಾಯಿ ಬಸುರಿ. ಮುಂದಿನ ವರುಷ, 1630ರ ಫೆಬ್ರವರಿಯಲ್ಲಿ, ಶಿವನೇರಿ ಕೋಟೆಯಲ್ಲಿ ಶಿವಾಜಿಯವರು ಹುಟ್ಟಿದರು. ತಂದೆಯನ್ನು ಕಳೆದುಕೊಂಡ ದುಃಖದಲ್ಲಿಯೇ ಆ ತಾಯಿ ಮಗುವಿಗೆ ಹಾಲೂಡಿಸಿದಳು, ಬುದ್ಧಿ ಕಲಿಸಿದಳು. ಕಣ್ಣೀರು ಬರಲಿ, ಕೈಕೆಲಸ ನಿಲ್ಲದಿರಲಿ ಎಂಬುದನ್ನು ಮಗ ಬೇರೆಲ್ಲಿಯೂ ಕಲಿಯಬೇಕಾಗಲಿಲ್ಲ.

ತಂದೆ ಶಹಾಜಿ ಭೋಸಲೆಯವರು ಬಿಜಾಪುರದ ಆದಿಲಶಾಹಿಯ ಸರದಾರರು. 1638ರಲ್ಲಿ ಬೆಂಗಳೂರು ಬಿಜಾಪುರದವರ ಕೈಸೇರಿದ ಮೇಲೆ ಅದು ಶಹಾಜಿಯವರಿಗೆ ಜಹಗೀರಾಗಿ ಬಂತು. ಅವರ ಬಾಳಿನ ಬಹಳ ವರುಷಗಳು ನಮ್ಮ ಕನ್ನಡ ನೆಲದಲ್ಲಿಯೇ ಕಳೆದವು. ಜೀಜಾಬಾಯಿಯೂ ಮಗನೂ ಪುಣೆಯ ಕಡೆಗೆ ಉಳಿದರು. ತಂದೆ ಒಂದು ದೇಶದಲ್ಲಿ, ಮಗ ಇನ್ನೊಂದು ದೇಶದಲ್ಲಿ. ಮಗ ಕಟ್ಟುತ್ತಿದ್ದ ರಾಜ್ಯ ತಂದೆಯ ಒಡೆಯನಿಗೇ ವಿರೋಧ. 1648ರಲ್ಲಿ ಬಿಜಾಪುರದವರು ಶಹಾಜಿಯವರನ್ನು ಸೆರೆಹಿಡಿದಾಗ, ಅವರ ಬಿಡುಗಡೆಗಾಗಿ ಶಿವಾಜಿಯವರು ತಾವು ಗೆದ್ದಿದ್ದ ಕೊಂಡಾಣ ಕೋಟೆಯನ್ನೇ ಬಿಟ್ಟುಕೊಟ್ಟರು. ದೂರವಿದ್ದ ಮಾತ್ರಕ್ಕೆ ಕರುಳಿನ ಸಂಬಂಧ ಕಡಿಯುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

1664ರ ಜನವರಿಯಲ್ಲಿ ಶಿವಾಜಿಯವರು ಸೂರತ್ತಿನ ದಂಡಯಾತ್ರೆಯಲ್ಲಿದ್ದರು. ಅದೇ ತಿಂಗಳು ಶಹಾಜಿಯವರು ಬಿಜಾಪುರದ ಸೈನ್ಯದ ಜೊತೆ ಬಿದನೂರಿನ ಕಡೆಗೆ ಬಂದಿದ್ದರು. ಜನವರಿ 23ರಂದು ಹೊದಿಗೆರೆಯ ಹತ್ತಿರ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಅಲ್ಲಿಯೇ ಪ್ರಾಣಬಿಟ್ಟರು. ಈಗಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಆ ಊರಿನಲ್ಲಿ ಅವರ ಸಮಾಧಿ ಇಂದಿಗೂ ಇದೆ. ಮಗ ದಂಡಯಾತ್ರೆ ಮುಗಿಸಿ ರಾಜಗಡಕ್ಕೆ ಹಿಂದಿರುಗುವ ಹೊತ್ತಿಗೆ ತಂದೆ ಮಣ್ಣಾಗಿದ್ದರು. ಕೊನೆಯ ಗುಟುಕು ನೀರು ಹಾಕಲಿಲ್ಲ, ಮುಖ ನೋಡಲಿಲ್ಲ. ದೂರದೂರಿನಲ್ಲಿ ದುಡಿಯುವ ಮಕ್ಕಳಿಗೆ ಈ ಸಂಕಟ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ದುಃಖದ ಮೇಲೆ ಇನ್ನೊಂದು ದುಃಖ ಕಾದಿತ್ತು. ಸುದ್ದಿ ತಿಳಿದ ಜೀಜಾಬಾಯಿಯವರು ಸಹಗಮನಕ್ಕೆ ಸಿದ್ಧರಾದರೆಂದು ಮರಾಠಿಯ ಬಖರುಗಳು ಹೇಳುತ್ತವೆ. ಆ ಕಾಲದಲ್ಲಿ ರಾಜಮನೆತನದ ಹೆಂಗಸು ಹಾಗೆ ಹೊರಟರೆ ತಡೆಯುವವರು ಕಡಿಮೆ, ಹೊಗಳುವವರು ಹೆಚ್ಚು. ಮಗ ಹೊಗಳಿಕೆಗೆ ಮನಸೋಲಲಿಲ್ಲ. ಚಿಕ್ಕ ಮಗುವಿನಂತೆ ತಾಯಿಯ ತೊಡೆಯ ಮೇಲೆ ಕುಳಿತು, ಹಿಡಿದ ಕೆಲಸ ಇನ್ನೂ ಅರ್ಧದಲ್ಲಿದೆ, ಅದನ್ನು ಕಾಣುವ ಕಣ್ಣು ಬೇಕೆಂದು ಬೇಡಿಕೊಂಡರಂತೆ. ತಾಯಿ ಒಪ್ಪಿದರು. ಸತ್ತ ತಂದೆಗೆ ಮಾಡುವ ದೊಡ್ಡ ಸೇವೆ ಬದುಕಿರುವ ತಾಯಿಯನ್ನು ಉಳಿಸಿಕೊಳ್ಳುವುದು ಎಂದು ಅವರು ಅರಿತಿದ್ದರು. ತಿಥಿಗೆ ಊರೆಲ್ಲಾ ಉಣ್ಣುವಂತೆ ಖರ್ಚು ಮಾಡಿ, ಮೂಲೆಯಲ್ಲಿ ಕುಳಿತ ತಾಯಿಯ ಊಟ ವಿಚಾರಿಸದ ಮಕ್ಕಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಉತ್ತರಕ್ರಿಯೆಗಳು ಮುಗಿದ ಮೇಲೆ ಶಿವಾಜಿಯವರು ಸುಮ್ಮನೆ ಕೂಡಲಿಲ್ಲ. ಆ ವರುಷ ನವೆಂಬರಿನಲ್ಲಿ ಮಾಲವಣದ ಕಡಲ ನಡುವಿನ ಬಂಡೆಯ ಮೇಲೆ ಸಿಂಧುದುರ್ಗಕ್ಕೆ ಅಡಿಗಲ್ಲಿಟ್ಟರು. ಹಿಂದೆ ತಂದೆಯನ್ನು ಸೆರೆಹಿಡಿದಿದ್ದ ಮುಧೋಳದ ಬಾಜಿ ಘೋರ್ಪಡೆಯನ್ನು ಕೊಂದದ್ದೂ ಅದೇ ವರುಷ. ಇದು ಆ ಕಾಲದ ಅರಸರ ನಡೆ, ನಾವು ಅನುಸರಿಸತಕ್ಕದ್ದಲ್ಲ. ದುಃಖವು ಸೇಡಿನ ದಾರಿ ಹಿಡಿದರೆ ಒಂದು ಮನೆಯ ಅಳು ಇನ್ನೊಂದು ಮನೆಗೆ ಹೋಗುತ್ತದೆ, ಅಷ್ಟೆ. ನಾವು ನೆನೆಯಬೇಕಾದದ್ದು ಅದಾದ ಮೇಲೆ ನಡೆದ ಸಂಗತಿಯನ್ನು. 1665ರ ಜನವರಿ 6ರ ಸೂರ್ಯಗ್ರಹಣದಂದು ಮಹಾಬಳೇಶ್ವರದಲ್ಲಿ ತಾಯಿಗೆ ಚಿನ್ನದ ತುಲಾಭಾರ ಮಾಡಿಸಿ, ಆ ಚಿನ್ನವನ್ನು ದಾನಕೊಟ್ಟರು. ಜೊತೆಗೆ ಮನೆತನದ ಹಳೆಯ ಮಂತ್ರಿ ಸೋನೋಪಂತ ಡಬೀರರನ್ನೂ ತಕ್ಕಡಿಯಲ್ಲಿ ಕೂಡಿಸಿದರು. ತಂದೆಯ ಕಾಲದ ಮುದುಕ ಸೇವಕನಿಗೆ ತಾಯಿಯ ಸರಿಸಮಾನ ಗೌರವ! ತಂದೆ ಹೋದ ಮೇಲೆ ತಂದೆಯ ಜೊತೆ ಬಾಳಿದವರನ್ನು ಆದರಿಸುವುದೂ ಪಿತೃಸೇವೆಯೇ. ಮರುತಿಂಗಳು ಹಡಗುಪಡೆಯೊಂದಿಗೆ ಬಸರೂರಿನ ಮೇಲೆ ಹೋಗಿ, ಹಿಂದಿರುಗುವಾಗ ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಪಡೆದರು.

ಮಗ ಉಳಿಸಿಕೊಂಡ ತಾಯಿ ರಾಜ್ಯವನ್ನೇ ಉಳಿಸಿಕೊಟ್ಟಳು. 1666ರಲ್ಲಿ ಶಿವಾಜಿಯವರು ಔರಂಗಜೇಬನ ದರ್ಬಾರಿಗೆ ಆಗ್ರಾಕ್ಕೆ ಹೋಗಿ ಅಲ್ಲಿ ಬಂಧನದಲ್ಲಿ ಸಿಕ್ಕಿದಾಗ, ತಿಂಗಳುಗಟ್ಟಲೆ ನಾಡಿನ ಆಡಳಿತಕ್ಕೆ ಮೇಲ್ವಿಚಾರಣೆ ಜೀಜಾಬಾಯಿಯವರದೇ. ಎರಡು ವರುಷದ ಹಿಂದೆ ಚಿತೆಯೇರಲು ಹೊರಟಿದ್ದ ತಾಯಿ ಆಕೆ. ಆ ದಿನ ಆಕೆ ಹೋಗಿಬಿಟ್ಟಿದ್ದರೆ ಈ ದಿನ ಮಗನ ಮನೆ ಕಾಯುವವರು ಯಾರಿದ್ದರು?

ಮುಂದೆ 1674 ಬಂತು. ಆ ವರುಷ ಶಿವಾಜಿಯವರ ಬಾಳಿನಲ್ಲಿ ಸುಖದುಃಖಗಳೆರಡೂ ಒಂದೇ ಬಾಗಿಲಿನಿಂದ ಒಳಬಂದವು. ಫೆಬ್ರವರಿಯಲ್ಲಿ ಸೇನಾಪತಿ ಪ್ರತಾಪರಾವ ಗುಜ್ಜರರು ರಣದಲ್ಲಿ ಮಡಿದರು. ಮಾರ್ಚಿನಲ್ಲಿ ರಾಣಿ ಕಾಶೀಬಾಯಿ ತೀರಿಕೊಂಡರು. ಜೂನ್ 6ರಂದು ರಾಯಗಡದಲ್ಲಿ ಕಾಶಿಯ ಗಾಗಾಭಟ್ಟರ ಪೌರೋಹಿತ್ಯದಲ್ಲಿ ಪಟ್ಟಾಭಿಷೇಕವಾಯಿತು. ಎಪ್ಪತ್ತು ದಾಟಿದ ತಾಯಿ ಅದನ್ನು ಕಣ್ಣಾರೆ ಕಂಡರು. ಅದೇ ದಿನಗಳಲ್ಲಿ ಇಂಗ್ಲಿಷರ ರಾಯಭಾರಿ ಬಂದು ವ್ಯಾಪಾರದ ಒಪ್ಪಂದ ಮಾಡಿಕೊಂಡ. ಬಂದ ನೆಂಟರು ಊರು ಸೇರುವ ಮೊದಲೇ, ಜೂನ್ 17ರಂದು, ಬೆಟ್ಟದ ಬುಡದ ಪಾಚಾಡದಲ್ಲಿ ಮಗ ಕಟ್ಟಿಸಿಕೊಟ್ಟಿದ್ದ ವಾಡೆಯಲ್ಲಿ ಜೀಜಾಬಾಯಿಯವರು ಕಣ್ಣುಮುಚ್ಚಿದರು. ಕಿರೀಟವಿಟ್ಟು ಹನ್ನೊಂದೇ ದಿನ!

ದುಃಖ ಒಂದು ಕಡೆಗಾದರೆ ಜನರ ಮಾತು ಇನ್ನೊಂದು ಕಡೆಗೆ. ಪಟ್ಟಾಭಿಷೇಕದ ವಿಧಿಗಳಲ್ಲಿ ಲೋಪವಾಯಿತು, ಅದಕ್ಕೇ ಸಾವಿನ ಮೇಲೆ ಸಾವು ಬಂತು ಎಂದು ಹೇಳುವವರು ಎದ್ದರು. ಹೀಗೆ ಹೇಳಿದವರಲ್ಲಿ ನಿಶ್ಚಲಪುರಿ ಎಂಬ ಗೋಸಾವಿಯೂ ಒಬ್ಬರು. ತಾಯಿಯ ಸಾವಿಗೆ ನಿನ್ನ ಪಟ್ಟವೇ ಕಾರಣವೆಂದು ಕೇಳಿಸಿಕೊಳ್ಳುವ ಮಗನ ಎದೆ ಏನಾಗಿರಬೇಡ! ಶಿವಾಜಿಯವರು ಯಾರ ಮೇಲೂ ಹರಿಹಾಯಲಿಲ್ಲ, ಸಿಂಹಾಸನವನ್ನೂ ಬಿಡಲಿಲ್ಲ. ಸೆಪ್ಟೆಂಬರ್ 24ರಂದು ಅದೇ ನಿಶ್ಚಲಪುರಿಯವರ ಕೈಯಿಂದ ತಂತ್ರವಿಧಿಯಲ್ಲಿ ಇನ್ನೊಮ್ಮೆ ಅಭಿಷೇಕ ಮಾಡಿಸಿಕೊಂಡರು. ಪ್ರಜೆಗಳ ಮನಸ್ಸಿನ ಅಳುಕು ಕಳೆದು ಆಡಳಿತ ಮುಂದೆ ಸಾಗುವುದು ಅವರಿಗೆ ಬೇಕಾಗಿತ್ತು. ಎಂಟು ಮಂದಿ ಮಂತ್ರಿಗಳ ಅಷ್ಟಪ್ರಧಾನ ವ್ಯವಸ್ಥೆ, ಹೊಸ ನಾಣ್ಯ, ಹೊಸ ಶಕೆ ಇವೆಲ್ಲವೂ ಬೇರೂರಿದ್ದು ತಾಯಿಯಿಲ್ಲದ ಆ ದಿನಗಳಲ್ಲಿಯೇ.

ಹಾಗಾದರೆ ಅವರು ದುಃಖವನ್ನು ಮರೆತೇಬಿಟ್ಟರೇ? ಇಲ್ಲ. 1677ರಲ್ಲಿ ದಕ್ಷಿಣದ ದಿಗ್ವಿಜಯಕ್ಕೆ ಹೊರಟಾಗ ಗೋಲಕೊಂಡದಿಂದ ಶ್ರೀಶೈಲಕ್ಕೆ ಬಂದರು. ಮಲ್ಲಿಕಾರ್ಜುನನ ಸನ್ನಿಧಿ, ಕೆಳಗೆ ಪಾತಾಳಗಂಗೆ, ಸುತ್ತಲೂ ನಲ್ಲಮಲದ ಅಡವಿ. ಅಲ್ಲಿ ಅವರ ಮನಸ್ಸು ಎಷ್ಟು ಕರಗಿತೆಂದರೆ, ಇಲ್ಲಿಯೇ ತಲೆಯನ್ನರ್ಪಿಸಿ ಶಿವನನ್ನು ಸೇರಬೇಕೆಂದು ಕತ್ತಿಗೆ ಕೈಹಾಕಿದರೆಂದು ಬಖರು ಹೇಳುತ್ತದೆ. ಜೊತೆಯಲ್ಲಿದ್ದವರು ತಡೆದು, ನಂಬಿದ ಪ್ರಜೆಗಳ ನೆನಪು ಮಾಡಿಕೊಟ್ಟರು. ಹದಿಮೂರು ವರುಷದ ಹಿಂದೆ ತಾಯಿಗೆ ತಾವು ಹೇಳಿದ್ದನ್ನೇ ಈಗ ತಾವು ಇತರರಿಂದ ಕೇಳಬೇಕಾಯಿತು. ಒಳಗೆ ಎಷ್ಟು ಭಾರ ಕಟ್ಟಿಕೊಂಡಿತ್ತೋ ಶಿವನೇ ಬಲ್ಲ. ಕೆಲಸದಲ್ಲಿ ಮುಳುಗಿದವನಿಗೆ ದುಃಖವಿಲ್ಲವೆಂದು ತಿಳಿಯಬಾರದು. ಅದು ಒಳಗೇ ಇದ್ದು, ಎಂದೋ ಒಂದು ದಿನ ದೇವರ ಮುಂದೆ ಹೊರಬರುತ್ತದೆ. ಅಂಥ ಹೊತ್ತಿನಲ್ಲಿ ಕೈಹಿಡಿಯುವ ನಾಲ್ಕು ಜನ ಹತ್ತಿರ ಇರಬೇಕು. ಶಿವಾಜಿಯವರು ಎದ್ದರು. ಆ ಕ್ಷೇತ್ರದ ಉತ್ತರ ಗೋಪುರವನ್ನು ಇಂದಿಗೂ ಅವರ ಹೆಸರಿನಿಂದ ಕರೆಯುತ್ತಾರೆ.

ಶ್ರೀಶೈಲದಿಂದ ಮುಂದೆ ಹೋದ ಕಡೆಯೇ ತಂದೆಯ ಇನ್ನೊಂದು ಋಣ ಕಾದಿತ್ತು. ಶಹಾಜಿಯವರ ಎರಡನೆಯ ಹೆಂಡತಿಯ ಮಗ ಏಕೋಜಿಯವರು ತಂಜಾವೂರಿನಲ್ಲಿ ಆಳುತ್ತಿದ್ದರು. ಕರ್ನಾಟಕದಲ್ಲಿದ್ದ ತಂದೆಯ ಆಸ್ತಿಯೆಲ್ಲ ಹದಿಮೂರು ವರುಷದಿಂದ ಅವರ ಕೈಯಲ್ಲಿಯೇ ಇತ್ತು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ಅರಮನೆಗೂ ಬಿಟ್ಟಿದ್ದಲ್ಲ. ಅಣ್ಣ ಪಾಲು ಕೇಳಿದರು. ತಮ್ಮ ಒಪ್ಪದೆ ರಾತ್ರೋರಾತ್ರಿ ಹೊರಟುಹೋದರು. ಆಮೇಲೆ ಎರಡು ಕಡೆಯ ಸೈನ್ಯಗಳು ಕಾದಾಡಿದವು, ತಮ್ಮನ ಕಡೆಯವರು ಸೋತರು. ಗೆದ್ದ ಅಣ್ಣ ಅಲ್ಲಿಗೆ ನಿಲ್ಲಿಸಿದರು. ತಮ್ಮನ ಹೆಂಡತಿ ದೀಪಾಬಾಯಿಯವರು ಗಂಡನಿಗೆ ಬುದ್ಧಿ ಹೇಳಿದರು, ಹಿರಿಯ ಅಧಿಕಾರಿ ರಘುನಾಥಪಂತರು ನಡುವೆ ನಿಂತು ಒಪ್ಪಂದ ಮಾಡಿಸಿದರು. ತಂಜಾವೂರು ತಮ್ಮನಲ್ಲಿಯೇ ಉಳಿಯಿತು. ಬೆಂಗಳೂರು, ಹೊಸಕೋಟೆ, ಶಿರಾ ಪ್ರಾಂತಗಳನ್ನು ದೀಪಾಬಾಯಿಯವರಿಗೆ ಕುಪ್ಪಸ ಬಳೆಯ ಖರ್ಚಿಗೆಂದು ಬಿಟ್ಟುಕೊಟ್ಟರು. ಮಗಳಿಗೆ ಉಡಿ ತುಂಬಿದ ಹಾಗೆ! ಸೋಲಿನಿಂದ ಮನಸ್ಸು ಮುರಿದು ರಾಜ್ಯಭಾರವನ್ನೇ ಬಿಟ್ಟು ಕುಳಿತಿದ್ದ ತಮ್ಮನಿಗೆ, ಆ ವೈರಾಗ್ಯವನ್ನು ಬಿಟ್ಟು ಎದ್ದು ಕೆಲಸ ಮಾಡೆಂದು ಓಲೆ ಬರೆದರೆಂದೂ ಮರಾಠಿ ದಾಖಲೆಗಳಲ್ಲಿ ಬಂದಿದೆ. 1680ರ ಏಪ್ರಿಲ್ 3ರಂದು, ಐವತ್ತನೆಯ ವಯಸ್ಸಿಗೆ, ಶಿವಾಜಿಯವರು ರಾಯಗಡದಲ್ಲಿಯೇ ದೇಹಬಿಟ್ಟರು. ಅಷ್ಟರೊಳಗೆ ತಮ್ಮನೊಂದಿಗಿನ ಗಂಟು ಬಿಚ್ಚಿತ್ತು.

ಸದ್ಭಕ್ತರೇ, ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ತಂದೆಯ ತಿಥಿ ಮುಗಿಯುವುದರೊಳಗೆ ಪಾಲಿನ ಮಾತು ಏಳುತ್ತದೆ. ಎರಡು ಎಕರೆ ಹೊಲಕ್ಕಾಗಿ ಇಪ್ಪತ್ತು ವರುಷ ಕೋರ್ಟು ಅಲೆಯುವ ಅಣ್ಣತಮ್ಮಂದಿರಿದ್ದಾರೆ. ತಂದೆಯ ಫೋಟೋಕ್ಕೆ ಇಬ್ಬರೂ ಬೇರೆ ಬೇರೆ ಹಾರ ಹಾಕುತ್ತಾರೆ. ಆ ಹಾರವನ್ನು ತಂದೆ ಒಪ್ಪುವನೇ? ಇನ್ನು ಕೆಲವರು ತಾಯಿ ಹೋದಳೆಂದು ಎಲ್ಲವನ್ನೂ ಬಿಟ್ಟು ವರುಷಗಟ್ಟಲೆ ಕುಳಿತು, ಆಕೆ ಬೆಳೆಸಿದ ಸಂಸಾರವನ್ನೇ ಹಾಳುಮಾಡಿಕೊಳ್ಳುತ್ತಾರೆ. ಇವೆರಡೂ ಋಣ ತೀರಿಸುವ ದಾರಿಗಳಲ್ಲ. ಹೆತ್ತವರು ನಮ್ಮ ಹೆಗಲ ಮೇಲೆ ಏನನ್ನು ಹೊರಿಸಿ ಹೋಗಿದ್ದಾರೋ ಅದನ್ನು ಕೆಳಗೆ ಹಾಕದೆ ನಡೆಯುವುದೇ ಅವರ ನಿಜವಾದ ಪೂಜೆ. ಅಳು ಬಂದರೆ ಅಳಿರಿ. ಅತ್ತು ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತವನ ಮಾತು ಕೇಳಿರಿ. ಹಾಗೆ ಎದ್ದವನನ್ನು ಕಂಡರೆ ಊರಿನ ಹಿರಿಯರು ಆಡಿಕೊಳ್ಳದೆ ಬೆನ್ನು ತಟ್ಟಿರಿ. ಅವನು ತಂದೆಯನ್ನು ಮರೆತು ಎದ್ದವನಲ್ಲ, ತಂದೆಗಾಗಿಯೇ ಎದ್ದವನು.

ಹೆತ್ತವರನ್ನು ಕಳೆದುಕೊಂಡ ಎಲ್ಲ ಮನೆಗಳಲ್ಲಿ ಶಾಂತಿ ನೆಲೆಸಲಿ, ಹೊತ್ತ ಹೊಣೆಯನ್ನು ನಿರ್ವಹಿಸುವ ಶಕ್ತಿಯನ್ನು ಪರಶಿವನು ಸರ್ವರಿಗೂ ಕರುಣಿಸಲಿ ಎಂದು ಹಾರೈಸುತ್ತೇವೆ.